ಕೌಂಟರಿನ ಆಚೆಗೊಂದು ಪರದೆ

ಎರಡನೆಯ ಪರದೆ ಎಂದರೆ ಷೇರು ದಲ್ಲಾಳಿಗಳ ಶೋಕಿ ಎನ್ನುವವರು ಭೂಮಿ ಕೇಂದ್ರಗಳನ್ನು ನೆನೆಯಬೇಕು. 2000ದ ಹೊತ್ತಿಗೆ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ತಾಲ್ಲೂಕು ಕಚೇರಿಗಳ ಈ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಮಾನಿಟರ್ ಇಟ್ಟರು. 15 ರೂಪಾಯಿ ಕೊಟ್ಟು ಉತಾರ ಕೇಳಿದವನಿಗೆ ತನ್ನ ಹೊಲದ ಲೆಕ್ಕದಲ್ಲಿ ಏನು ನಡೆದಿದೆ ಎಂಬುದು ಕಣ್ಣೆದುರೇ ಕಾಣುತ್ತಿತ್ತು. ತಲಾಟಿಯ ದಫ್ತರದ ಕಾಲ ಕಂಡವರಿಗೆ ಇದು ಸಣ್ಣ ಮಾತಲ್ಲ.

ಈಗ ಅಂಥ ಪರದೆಗೆ ವೈರೂ ಬೇಡ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿಗೆ ಇದರಲ್ಲಿ ಹೆಚ್ಚು ಒಪ್ಪುವ ಸಂಗತಿಯೆಂದರೆ, ಇಂಟರ್ನೆಟ್ಟೂ ಬೇಡ. 2012ರಲ್ಲಿ ಬಂದ ಮಿರಾಕಾಸ್ಟ್ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪು, ಟಿವಿ ಎರಡೂ ವೈಫೈ ಮೂಲಕ ನೇರವಾಗಿ ಮಾತಾಡಿಕೊಳ್ಳುತ್ತವೆ. ವಿಂಡೋಸ್ ಕೀಲಿಯ ಜೊತೆ ಕೆ ಒತ್ತಿದರೆ ಹತ್ತಿರದ ಟಿವಿಯ ಹೆಸರು ಬರುತ್ತದೆ; ಪಿ ಒತ್ತಿದರೆ ‘ಡುಪ್ಲಿಕೇಟ್’, ‘ಎಕ್ಸ್‌ಟೆಂಡ್’ ಆಯ್ಕೆಗಳು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯವರು ಎಕ್ಸ್‌ಟೆಂಡ್ ಆರಿಸುವುದೇ ಲೇಸು. ಗಿರಾಕಿಯ ಅರ್ಜಿಯನ್ನಷ್ಟೇ ಆಚೆ ಪರದೆಗೆ ಎಳೆದು ಬಿಡಬಹುದು. ಡುಪ್ಲಿಕೇಟ್ ಮಾಡಿದರೆ ಹಿಂದೆ ಬಂದು ಹೋದವರ ಆಧಾರ್ ನಂಬರೂ ಎಲ್ಲರಿಗೂ ಕಂಡೀತು.

ಒಂದು ಪರದೆಯ ಮಟ್ಟಿಗೆ ಎಲ್ಲ ಸಲೀಸು. ಎರಡು, ಮೂರು ಬೇಕೆಂದಾಗ ತಕರಾರು ಶುರು. ವಿಂಡೋಸ್ ತಾನಾಗಿ ಒಮ್ಮೆಗೆ ಒಂದೇ ಮಿರಾಕಾಸ್ಟ್ ಪರದೆಗೆ ಒಪ್ಪುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ: ಸೆಕೆಂಡಿಗೆ 60 ಚಿತ್ರಗಳಂತೆ ಫುಲ್ ಎಚ್‌ಡಿ ಪರದೆ ತುಂಬಲು ಸುಮಾರು 300 ಕೋಟಿ ಬಿಟ್ ಬೇಕು. ಅಷ್ಟನ್ನು ಹಾಗೇ ಕಳಿಸಲಾಗದೆ ಲ್ಯಾಪ್‌ಟಾಪು ಚಿತ್ರವನ್ನು ಹಿಂಡಿ ಕಳಿಸುತ್ತದೆ, ಟಿವಿ ಬಿಡಿಸಿಕೊಳ್ಳುತ್ತದೆ. ಮೌಸ್ ಬಾಣ ಅರೆಗಳಿಗೆ ತಡವಾಗಿ ಓಡುವುದು ಇದಕ್ಕೇ. ಪರದೆ ಹೆಚ್ಚಿದಷ್ಟೂ ಹಿಂಡುವ ಕೆಲಸ ಹೆಚ್ಚು, ಹಂಚಿಕೊಳ್ಳಬೇಕಾದ ವೈಫೈ ಮಾತ್ರ ಅಷ್ಟೇ.

ಹಳೆಯ ಟ್ಯಾಬ್ಲೆಟ್ ಇದ್ದರೆ ಸ್ಪೇಸ್‌ಡೆಸ್ಕ್‌ನಂಥ ತಂತ್ರಾಂಶ ಹಾಕಿ ಅದನ್ನೂ ಪರದೆಯಾಗಿಸಬಹುದು. ಅದಕ್ಕೆ ಎಲ್ಲವೂ ಒಂದೇ ವೈಫೈನಲ್ಲಿರಬೇಕು. ಕರೆಂಟು ಹೋಗಿ ರೌಟರ್ ಆರಿದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು; ಬ್ಯಾಟರಿ ಇರುವ ಟ್ಯಾಬ್ಲೆಟ್ ಆಗ ದೊಡ್ಡ ಟಿವಿಗಿಂತ ಮೇಲು.

ನನ್ನನ್ನು ಕೇಳಿದರೆ, ಮೂರು ಪರದೆ ಬೇಕಾದಲ್ಲಿ ಮೇಜಿನ ಮೇಲಿನದಕ್ಕೆ ಎಚ್‌ಡಿಎಂಐ ವೈರನ್ನೇ ಹಾಕಿ. ಅಲ್ಲಿ ಟೈಪ್ ಮಾಡಬೇಕು, ತಡ ಸಹಿಸಲಾಗದು. ಓದುವುದಕ್ಕಷ್ಟೇ ಇರುವ ದೂರದ ಗೋಡೆಯ ಟಿವಿಗೆ ವೈರಿಲ್ಲದಿದ್ದರೂ ನಡೆಯುತ್ತದೆ. ಟಿವಿಯಲ್ಲಿ ಪಿನ್ ಕೇಳುವ ಆಯ್ಕೆಯಿದ್ದರೆ ಅದನ್ನು ಹಾಕಿಡಿ. ಇಲ್ಲದಿದ್ದರೆ ಪಕ್ಕದ ಮನೆಯ ಹುಡುಗನ ಕ್ರಿಕೆಟ್ ನಿಮ್ಮ ಗಿರಾಕಿಯೆದುರು ಬಂದು ಕೂತೀತು.