ನಿಮಗಿದು ಗೊತ್ತೇ? ಕಲಬುರಗಿ ಸುಲ್ತಾನನಿಗಿತ್ತು ನಕ್ಷತ್ರಗಳ ಹುಚ್ಚು!

ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟಿ ಉತ್ತರಕ್ಕೆ ಹೊರಟರೆ ವಿಜಯಪುರ. ಅಲ್ಲಿನ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಒಂದು ಸೋಜಿಗ ಬರೆದಿಟ್ಟಿದ್ದಾನೆ. 1407ರಷ್ಟು ಹಿಂದೆಯೇ ಕಲಬುರಗಿಯ ಸುಲ್ತಾನನೊಬ್ಬ ಖಗೋಳ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ!

ಅವನೇ ಫಿರೋಜ್ ಶಾ ಬಹಮನಿ. ಸುಲ್ತಾನನೆಂದರೆ ಬರೀ ಕತ್ತಿ, ಕುದುರೆ ಅಂದುಕೊಂಡಿರಾ? ಈತ ವಾರಕ್ಕೆ ಮೂರು ದಿನ ತಾನೇ ಕೂತು ರೇಖಾಗಣಿತ, ಖಗೋಳದ ಪಾಠ ಹೇಳುತ್ತಿದ್ದನಂತೆ. ಹಗಲು ಬಿಡುವಾಗದಿದ್ದರೆ ರಾತ್ರಿ ಪಾಠ!

ವೀಕ್ಷಣಾಲಯಕ್ಕೆ ಆರಿಸಿದ ಜಾಗ ದೌಲತಾಬಾದ್ ಬಳಿಯ ಘಟ್ಟ. ಹಕೀಂ ಹಸನ್ ಗೀಲಾನಿ ಮುಂತಾದ ವಿದ್ವಾಂಸರಿಗೆ ಹೊಣೆ. ಅಷ್ಟರಲ್ಲಿ ಹಕೀಮನೇ ತೀರಿಕೊಂಡ. ಕೆಲಸ ಅರ್ಧಕ್ಕೆ ನಿಂತಿತು. ಎಂಥ ನಷ್ಟ ನೋಡಿ!

ಏಕೆಂದರೆ, ಸಮರ್ಕಂದದ ಜಗತ್ಪ್ರಸಿದ್ಧ ವೀಕ್ಷಣಾಲಯ ಕಟ್ಟಿಸಿದ ಉಲೂಗ್ ಬೇಗ್ 1407ರಲ್ಲಿ ಇನ್ನೂ 13ರ ಹುಡುಗ!

ಆ ಹುಡುಗ ಬೆಳೆದು ಮಾಡಿದ್ದೇನು ಗೊತ್ತೇ? ಆಕಾಶ ಅಳೆಯಲು ಸುಮಾರು 40 ಮೀಟರ್ ತ್ರಿಜ್ಯದ ಕಲ್ಲಿನ ಕಮಾನು ಕಟ್ಟಿಸಿದ. ಅದರ ಒಂದು ಭಾಗ ನೆಲದೊಳಗೇ ಇಳಿದಿತ್ತು. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. ವರ್ಷದ ಉದ್ದ ಎಷ್ಟೆಂಬ ಲೆಕ್ಕದಲ್ಲಿ ತಪ್ಪಿದ್ದು ಒಂದು ನಿಮಿಷವೂ ಇಲ್ಲ. ಅದೂ ದೂರದರ್ಶಕ ಇಲ್ಲದೆ, ಬರಿಗಣ್ಣಲ್ಲಿ! 1449ರಲ್ಲಿ ಅವನ ಕೊಲೆಯಾಯಿತು. ವೀಕ್ಷಣಾಲಯ ಮಣ್ಣುಪಾಲಾಯಿತು. ಮತ್ತೆ ಅಗೆದು ತೆಗೆದದ್ದು 1908ರಲ್ಲಿ!

ಸಮರ್ಕಂದಕ್ಕೂ ಮೊದಲಿನ ವೀಕ್ಷಣಾಲಯವೊಂದರ ಕಥೆ ಕೇಳಿ. 1258ರಲ್ಲಿ ಬಾಗ್ದಾದನ್ನು ಹಾಳುಗೆಡವಿದವನು ಹುಲಾಗು ಖಾನ್. ಮರುವರ್ಷವೇ ಪರ್ಷಿಯಾದ ಮರಾಘಾದಲ್ಲಿ ವೀಕ್ಷಣಾಲಯ ಶುರುಮಾಡಿಸಿದವನೂ ಅವನೇ!

ಇಸ್ತಾಂಬುಲ್‌ನ ವೀಕ್ಷಣಾಲಯದಲ್ಲಿ ಖಗೋಳಜ್ಞ ತಕಿಯುದ್ದೀನ್ 1577ರಲ್ಲಿ ಕೆಲಸಕ್ಕೆ ಕೂತ. ಆ ವರ್ಷವೇ ದೊಡ್ಡ ಧೂಮಕೇತು ಕಾಣಿಸಿತು. ಅದು ಅಲ್ಲಿನ ಸುಲ್ತಾನನಿಗೆ ಶುಭವೆಂದು ತಕಿಯುದ್ದೀನ್ ಭವಿಷ್ಯ ನುಡಿದ. ಆದರೆ 1580ರಲ್ಲಿ ಅದೇ ಸುಲ್ತಾನನ ಆಜ್ಞೆಯಂತೆ ವೀಕ್ಷಣಾಲಯ ನೆಲಸಮ!

ನಮ್ಮ ವಿಜಯಪುರವೇನು ಕಡಿಮೆಯೇ? 1570ರಲ್ಲಿ, ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, ಗ್ರಹ, ರಾಶಿ, ಆನೆ, ಕುದುರೆ, ಆಯುಧಗಳ ಚಿತ್ರ ತುಂಬಿದ 'ನುಜೂಮ್ ಉಲ್ ಉಲೂಮ್' ಹಸ್ತಪ್ರತಿ ತಯಾರಾಯಿತು. ಈಗ ಅದನ್ನು ನೋಡಬೇಕೆಂದರೆ ಐರ್ಲೆಂಡಿನ ಡಬ್ಲಿನ್‌ಗೆ ಹೋಗಬೇಕು!

ಫಿರೋಜನ ಆಸೆ ದಖ್ಖನಿನಲ್ಲಿ ಈಡೇರಲು ಸುಮಾರು 500 ವರ್ಷ ಹಿಡಿಯಿತು. 1901ರಲ್ಲಿ ನವಾಬ್ ಜಾಫರ್ ಜಂಗ್ ಹೈದರಾಬಾದಿನಲ್ಲಿ ವೀಕ್ಷಣಾಲಯ ತೆರೆದ. ಅದಕ್ಕೇ ಮುಂದೆ ನಿಜಾಮಿಯಾ ಎಂದು ಹೆಸರಾಯಿತು. ಆಗ ಕಲಬುರಗಿಯೂ ನಿಜಾಮರ ಆಡಳಿತದಲ್ಲೇ ಇತ್ತು! ಇಡೀ ಆಕಾಶದ ಫೋಟೊ ಪಟ್ಟಿ ಮಾಡುವ ಜಾಗತಿಕ ಕೆಲಸದಲ್ಲಿ ಇದರ ಪಾಲು ಏಳು ಲಕ್ಷಕ್ಕೂ ಮಿಕ್ಕಿದ ನಕ್ಷತ್ರಗಳು!

ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ಅಪ್ಪನ ಜೊತೆ ಆಕಾಶ ನೋಡುತ್ತಲೇ ಬೆಳೆದ. 1949ರಲ್ಲಿ ಅಮೆರಿಕದಲ್ಲಿ ಓದುವಾಗ ಹೊಸ ಧೂಮಕೇತುವನ್ನೇ ಕಂಡುಹಿಡಿದ. ಅವರೇ ವೇಣು ಬಾಪು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ!