ಹಳೆಯ ಮೋಟಾರು ಗಾಡಿಯ ಜೀರ್ಣೋದ್ಧಾರ

ಹೊಸ ದೇವಾಲಯವನ್ನು ಕಟ್ಟಿಸುವುದಕ್ಕಿಂತಲೂ ಹಳೆಯದರ ಜೀರ್ಣೋದ್ಧಾರವನ್ನು ಮಾಡಿಸುವುದು ಹೆಚ್ಚು ಪುಣ್ಯಕರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಈ ಪುಣ್ಯಕಾರ್ಯದಲ್ಲಿ ಒಂದು ಅಪಾಯವೂ ಉಂಟು. ಭಕ್ತಿಯಿಂದಲೇ ಗೋಡೆಗೆ ಸುಣ್ಣ ಬಳಿಸಿದವರು ಅದರ ಮೇಲಿದ್ದ ಶಿಲಾಶಾಸನವನ್ನು ಮುಚ್ಚಿಬಿಟ್ಟಿರುವುದನ್ನು ನಮ್ಮ ವಾಚಕರು ಒಂದಲ್ಲ ಒಂದು ಊರಿನಲ್ಲಿ ಕಂಡೇ ಇರುವರು. ದುರುದ್ದೇಶವಿಲ್ಲದೆಯೇ ಆಗುವ ಈ ಹಾನಿಯು ದೇವಾಲಯಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಯಾವ ಹಳೆಯ ವಸ್ತುವನ್ನು ಸರಿಪಡಿಸಹೊರಟರೂ ಇದೇ ಪ್ರಶ್ನೆಯು ಎದುರಾಗುವುದು: ನಾವು ಹಳೆಯದನ್ನು ಉಳಿಸುತ್ತಿರುವೆವೋ, ಅಥವಾ ಅದರ ಹೆಸರಿನಲ್ಲಿ ಹೊಸದೊಂದನ್ನು ಮಾಡುತ್ತಿರುವೆವೋ? ಹಳೆಯ ಮೋಟಾರು ಗಾಡಿಗಳನ್ನು ಅವು ಕಾರ್ಖಾನೆಯಿಂದ ಹೊರಟ ದಿನದ ರೂಪಕ್ಕೆ ಮರಳಿಸುವ ವಿದ್ಯೆಯಲ್ಲಿ ಈ ಪ್ರಶ್ನೆಯು ಎಷ್ಟು ಸೂಕ್ಷ್ಮವಾದುದೆಂಬುದನ್ನು, ಎಲ್ಲರೂ ಹೆಸರು ಕೇಳಿರುವ ಒಂದು ಗಾಡಿಯ ನಿದರ್ಶನದಿಂದ ವಿವರಿಸಬೇಕೆಂದಿರುವೆವು.

ಆ ಗಾಡಿಯೇ ಅಮೆರಿಕದ ಹೆನ್ರಿ ಫೋರ್ಡನ ‘ಟಿ’ ಮಾದರಿ. 1908ನೆಯ ಇಸವಿಯಲ್ಲಿ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಈ ಗಾಡಿಯು 1927ರ ವರೆಗೆ ತಯಾರಾಗುತ್ತ, ಸುಮಾರು ಒಂದೂವರೆ ಕೋಟಿಯ ಸಂಖ್ಯೆಯನ್ನು ಮುಟ್ಟಿತು. ನಾಲ್ಕು ಸಿಲಿಂಡರುಗಳ ಇದರ ಎಂಜಿನಿಗೆ 20 ಕುದುರೆಗಳ ಶಕ್ತಿ. ಮೊದಲು ಇದರ ಬೆಲೆ 850 ಡಾಲರು. 1913ರಲ್ಲಿ ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ, ಕೆಲಸಗಾರನು ನಿಂತಲ್ಲಿಯೇ ನಿಂತಿರಲು ಗಾಡಿಯೇ ಅವನ ಮುಂದೆ ಸಾಗಿಬರುವ ಏರ್ಪಾಡಾಯಿತು. 12 ಗಂಟೆಗಳನ್ನೂ ಮೀರಿ ಹಿಡಿಯುತ್ತಿದ್ದ ಚಾಸಿಸಿನ ಜೋಡಣೆಯು 1914ರ ವೇಳೆಗೆ 93 ನಿಮಿಷಗಳಿಗೆ ಇಳಿಯಿತು. ಕ್ರಮೇಣ ಗಾಡಿಯ ಬೆಲೆಯು 300 ಡಾಲರಿಗಿಂತಲೂ ಕೆಳಗಿಳಿದು, ಹೊಲದಲ್ಲಿ ದುಡಿಯುವ ರೈತನೂ ಅದನ್ನು ಕೊಳ್ಳುವಂತಾಯಿತು. ಇದು ಅರಸರ ರಥವಲ್ಲ, ಸಂಸಾರವಂದಿಗರ ಗಾಡಿ. ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಮನಸ್ಸಿನಲ್ಲಿಡಬೇಕಾದ ಸಂಗತಿಯೇ ಇದು.

ಕೆಲಸವು ಸುತ್ತಿಗೆಯಿಂದ ಆರಂಭವಾಗುವುದಿಲ್ಲ; ಓದಿನಿಂದ ಆರಂಭವಾಗುವುದು. ಗಾಡಿಯು ಎಂದು, ಎಲ್ಲಿ ಹುಟ್ಟಿತೆಂಬುದನ್ನು ಗಾಡಿಯೇ ಹೇಳುತ್ತದೆ. ಎಂಜಿನಿನ ಎಡಮಗ್ಗುಲಲ್ಲಿ, ನೀರು ಒಳಗೆ ಹೋಗುವ ಬಾಯಿಯ ಮೇಲ್ಗಡೆ, ಕ್ರಮಸಂಖ್ಯೆಯನ್ನು ಅಚ್ಚೊತ್ತಿರುವರು. ಎರಕದ ಕಬ್ಬಿಣದ ಮೈಯಲ್ಲಿ ಎರಕ ಹೊಯ್ದ ದಿನಾಂಕವೂ ಅನೇಕ ವೇಳೆ ದೊರೆಯುವುದು. ಕಂಪೆನಿಯ ಹಳೆಯ ದಾಖಲೆಗಳೂ ನಕ್ಷೆಗಳೂ ಡಿಯರ್‌ಬಾರ್ನಿನ ಬೆನ್ಸನ್ ಫೋರ್ಡ್ ಸಂಶೋಧನ ಕೇಂದ್ರದಲ್ಲಿ ಸುರಕ್ಷಿತವಾಗಿರುವುದರಿಂದ, ಒಂದು ಸಂಖ್ಯೆಯನ್ನು ಹಿಡಿದು ಎಂಜಿನಿನ ಜನ್ಮಕಾಲವನ್ನು ತಿಳಿಯಲು ಆಸ್ಪದವುಂಟು. ಗಾಡಿಯ ಜಾತಕವನ್ನು ನೋಡಿದ ಮೇಲೆಯೇ ಅದಕ್ಕೆ ಯಾವ ದೀಪ, ಯಾವ ಚಕ್ರ, ಯಾವ ಬಣ್ಣವೆಂಬ ವಿಚಾರ.

ಇಲ್ಲಿ ನಮ್ಮ ದೇಶದವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಬ್ರಿಟನ್ ಮತ್ತು ಐರ್ಲೆಂಡುಗಳನ್ನು ಬಿಟ್ಟು ಉಳಿದ ಆಂಗ್ಲ ಸಾಮ್ರಾಜ್ಯಕ್ಕೆಲ್ಲ ಫೋರ್ಡ್ ಗಾಡಿಗಳನ್ನು ಮಾರುವ ಹಕ್ಕು ಕೆನಡಾ ದೇಶದ ಫೋರ್ಡ್ ಕಂಪೆನಿಗೆ ಸೇರಿದ್ದಿತು. ಆದುದರಿಂದ ಭಾರತಕ್ಕೆ ಬಂದ ‘ಟಿ’ ಗಾಡಿಗಳು ಬಹುಮಟ್ಟಿಗೆ ಕೆನಡಾದವು. ಕೆನಡಾದ ಎಂಜಿನುಗಳ ಸಂಖ್ಯೆಯ ಹಿಂದೆ ‘ಸಿ’ ಅಕ್ಷರವನ್ನು ಕಾಣಬಹುದು. ಅಮೆರಿಕದ ತೆರೆದ ಗಾಡಿಗಳಲ್ಲಿ ಬಹುಕಾಲ ಚಾಲಕನ ಪಕ್ಕದ ಬಾಗಿಲು ಬರಿಯ ತಗಡಿನ ಮೇಲೆ ಮೂಡಿಸಿದ ಆಕಾರ ಮಾತ್ರ, ತೆರೆಯತಕ್ಕದ್ದಲ್ಲ. ಕೆನಡಾದ ಗಾಡಿಗಳಲ್ಲಾದರೋ ಎರಡು ಪಕ್ಕದಲ್ಲಿಯೂ ತೆರೆಯುವ ಬಾಗಿಲುಗಳಿದ್ದವು. ಅಮೆರಿಕದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ನಮ್ಮಲ್ಲಿಯ ಗಾಡಿಯ ನಿಜವಾದ ಬಾಗಿಲನ್ನು ತಪ್ಪೆಂದು ತಿಳಿದು ‘ತಿದ್ದಿದವನು’ ಇದ್ದ ಸತ್ಯವನ್ನು ಅಳಿಸಿದಂತೆಯೇ ಸರಿ.

ಇನ್ನು ಬಣ್ಣದ ಮಾತು. ಈ ಗಾಡಿಗಳೆಲ್ಲವೂ ಕಪ್ಪೆಂಬ ನಂಬಿಕೆಯು ಲೋಕದಲ್ಲಿ ಬೇರೂರಿದೆ. ವಾಸ್ತವವಾಗಿ ಮೊದಲ ವರ್ಷಗಳಲ್ಲಿ ಕೆಂಪು, ಬೂದು, ಹಸುರು, ಮುಂದೆ ಕಡುನೀಲಿ ಬಣ್ಣಗಳಿದ್ದವು. ಕಪ್ಪೊಂದೇ ಆದುದು 1914ರಿಂದ 1925ರ ವರೆಗೆ. ಅನಂತರ ಮತ್ತೆ ಬೇರೆ ಬಣ್ಣಗಳು ಬಂದವು. ಆ ಕಪ್ಪಾದರೂ ಒಂದೇ ಬಗೆಯದಲ್ಲ. ಮಡ್ಗಾರ್ಡುಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಒಲೆಯಲ್ಲಿ ಕಾಯಿಸುತ್ತಿದ್ದರು. ಗಾಡಿಯ ಮೈಮೇಲೆ ಬಣ್ಣವನ್ನು ಕೊಳವೆಯಿಂದ ಹರಿಯಬಿಡುತ್ತಿದ್ದರು. ಚಕ್ರಗಳನ್ನು ಅದ್ದಿ ಗಿರ್ರನೆ ತಿರುಗಿಸಿ ಹೆಚ್ಚಿನ ಬಣ್ಣವನ್ನು ಸಿಡಿಸುತ್ತಿದ್ದರು. ಹೀಗೆ ಅವಸರದಲ್ಲಿ ಆದ ಕೆಲಸದಲ್ಲಿ ಬಣ್ಣವು ಅಂಚಿನಲ್ಲಿ ಇಳಿದು ಹೆಪ್ಪುಗಟ್ಟಿದ ಗುರುತುಗಳು ಉಳಿಯುತ್ತಿದ್ದುದು ಸಹಜ. ಈಗಿನ ಕುಶಲಿಯು ಹತ್ತು ಸಲ ಬಣ್ಣ ಹೊಡೆದು, ಹತ್ತು ಸಲ ಉಜ್ಜಿ, ಮುಖ ನೋಡಿಕೊಳ್ಳುವಷ್ಟು ಹೊಳಪನ್ನು ತರಬಲ್ಲನು. ನೋಟಕರು ಬೆರಗಾಗುವರು. ಆದರೆ ಅಂಥ ಗಾಡಿಯು ಹೈಲೆಂಡ್ ಪಾರ್ಕಿನ ಬಾಗಿಲನ್ನು ಎಂದೂ ದಾಟಿ ಬಂದುದಲ್ಲ.

ಇದೇ ಮಾತು ಲೋಹಕ್ಕೂ ಚರ್ಮಕ್ಕೂ ಸಲ್ಲುವುದು. 1916ರ ವರೆಗಿನ ಗಾಡಿಗಳ ರೇಡಿಯೇಟರು ಹಿತ್ತಾಳೆಯದು. ಅನಂತರ ಅದಕ್ಕೆ ಕಪ್ಪು ಕವಚ ಬಂದಿತು. ಕಡೆಕಡೆಯ ಗಾಡಿಗಳಲ್ಲಿ ನಿಕ್ಕಲಿನ ಲೇಪವನ್ನು ಕಾಣುವೆವು. ಕನ್ನಡಿಯಂತೆ ನೀಲಿಛಾಯೆಯಿಂದ ಹೊಳೆಯುವ ಕ್ರೋಮಿಯಂ ಲೇಪವು ಈ ಗಾಡಿಗೆ ಸಲ್ಲದು. 1914ರ ವರೆಗೆ ಮುಂದಿನ ದೀಪಗಳು ಕಾರ್ಬೈಡ್ ಗ್ಯಾಸಿನಿಂದ ಉರಿಯುತ್ತಿದ್ದವು, ಪಕ್ಕದ ದೀಪಗಳು ಸೀಮೆಯೆಣ್ಣೆಯವು. 1915ರಲ್ಲಿ ವಿದ್ಯುದ್ದೀಪಗಳು ಬಂದರೂ ಅವಕ್ಕೆ ಶಕ್ತಿಯನ್ನು ಕೊಡುತ್ತಿದ್ದುದು ಎಂಜಿನಿನ ಮ್ಯಾಗ್ನೆಟೋ ಆದುದರಿಂದ, ಎಂಜಿನು ನಿಧಾನಿಸಿದಂತೆಲ್ಲ ದೀಪವೂ ಮಂಕಾಗುವುದು. ಕೊನೆಯ ವರ್ಷಗಳ ಗಾಡಿಯ ಪೀಠಕ್ಕೆ ಕೃತಕ ಚರ್ಮವನ್ನು ಹೊದಿಸಿದ್ದರೆ, ಬೆಲೆಬಾಳುವ ನಿಜವಾದ ಚರ್ಮವನ್ನು ತೊಡಿಸುವುದು ಉಪಕಾರವಲ್ಲ. ತಿರುಪುಮೊಳೆಯೊಂದರ ತಲೆಯೂ ಸಾಕ್ಷಿ ನುಡಿಯುವುದು: ಒಂದೇ ಗೀಟಿನ ತಲೆಯುಳ್ಳದ್ದು ಆ ಕಾಲದ್ದು, ಕೂಡುಗೀಟಿನ ತಲೆಯುಳ್ಳ ತಿರುಪು ಗಾಡಿಗಳಲ್ಲಿ ಬಳಕೆಗೆ ಬಂದುದು 1930ರ ದಶಕದಲ್ಲಿ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನು ನೋಡಲು ಹೋಗುವವರು ಇಂಥ ಸಣ್ಣ ಗುರುತುಗಳನ್ನು ಮಕ್ಕಳಿಗೆ ತೋರಿಸಿದರೆ ನೋಟವೇ ಪಾಠವಾಗುವುದು.

ಹಾಗಾದರೆ ಏನನ್ನೂ ಬದಲಿಸಕೂಡದೆ? ಇದು ನ್ಯಾಯವಾದ ಪ್ರಶ್ನೆ. ಈ ಗಾಡಿಯಲ್ಲಿ ಪೆಟ್ರೋಲನ್ನು ಸಾಗಿಸುವ ಪಂಪು ಇಲ್ಲ. ಪೀಠದ ಕೆಳಗಿನ ತೊಟ್ಟಿಯಿಂದ ಅದು ತಾನಾಗಿ ಎಂಜಿನಿಗೆ ಇಳಿಯಬೇಕು. ಆದುದರಿಂದ ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಪಂಪನ್ನು ಜೋಡಿಸಿದರೆ ಅನುಕೂಲವೇನೋ ಆದೀತು, ಆದರೆ ಆ ಗಾಡಿಯ ಸ್ವಭಾವವೇ ಮರೆಯಾದೀತು. ಇಂಥ ಅನುಕೂಲಗಳನ್ನು ಬಿಡುವುದೇ ಮೇಲು. ಪ್ರಾಣಕ್ಕೆ ಸಂಬಂಧಿಸಿದ ಭಾಗಗಳ ಮಾತು ಬೇರೆ. ಹಿಂದಿನ ಅಚ್ಚಿನಲ್ಲಿ ಒತ್ತಡವನ್ನು ತಡೆಯಲು ಬ್ಯಾಬಿಟ್ ಎಂಬ ಮೆತುಲೋಹದ ಬಳೆಗಳನ್ನು ಇಟ್ಟಿದ್ದರು. ಅವು ಕಾಲಾಂತರದಲ್ಲಿ ಪುಡಿಯಾಗುತ್ತವೆ. ಕಾಲಿನಿಂದ ಒತ್ತುವ ಬ್ರೇಕು ಚಕ್ರವನ್ನು ನೇರವಾಗಿ ಹಿಡಿಯದೆ ಗಿಯರುಗಳ ಪೆಟ್ಟಿಗೆಯಲ್ಲಿ ಕೆಲಸ ಮಾಡುವುದರಿಂದ, ಅಚ್ಚಿನಲ್ಲಿ ಈ ಬಳೆಗಳು ಕೆಟ್ಟರೆ ಆ ಬ್ರೇಕೇ ನಿರರ್ಥಕವಾಗಬಹುದು. ಆದುದರಿಂದ ಬಲ್ಲವರು ಅವುಗಳ ಬದಲು ಕಂಚಿನ ಬಳೆಗಳನ್ನು ಹಾಕುವರು. ಕಣ್ಣಿಗೆ ಕಾಣದ, ಪ್ರಾಣವನ್ನು ಕಾಯುವ ಈ ಬದಲಾವಣೆಯನ್ನು ಯಾರೂ ಆಕ್ಷೇಪಿಸಲಾರರು. ನಿಯಮವಿಷ್ಟೆ: ಬದಲಾವಣೆಯು ಅಗತ್ಯಕ್ಕೆ ಮೀರಕೂಡದು, ಮಾಡಿದುದನ್ನು ಬರೆದಿಡಬೇಕು, ತೆಗೆದ ಭಾಗವನ್ನು ಎಸೆಯಕೂಡದು.

ಎಲ್ಲಕ್ಕಿಂತ ಕಠಿನವಾದ ನಿರ್ಣಯವು ಮೂಲದ ಬಣ್ಣವೇ ಉಳಿದಿರುವ ಗಾಡಿಯ ವಿಷಯದಲ್ಲಿ. ಮಾಸಿದ, ಬಿರುಕುಬಿಟ್ಟ ಆ ಬಣ್ಣವನ್ನು ಕಂಡು ಮನೆಯವರಿಗೆ ಸಂಕೋಚವಾಗುವುದು ಸಹಜ. ಆದರೆ ಕಾರ್ಖಾನೆಯಲ್ಲಿ ಬಣ್ಣ ಹೇಗೆ ಹರಿಯಿತು, ಹೊಲಿಗೆ ಎಷ್ಟು ಅಂತರಕ್ಕೊಂದು ಬಿದ್ದಿತು ಎಂಬುದಕ್ಕೆ ಆ ಗಾಡಿಯೇ ಮೂಲಪ್ರತಿ. ಹೊಸ ಬಣ್ಣವನ್ನು ಎಂದು ಬೇಕಾದರೂ ಹೊಡೆಯಬಹುದು. ಕೆರೆದುಹಾಕಿದ ಹಳೆಯದನ್ನು ಎಷ್ಟು ಹಣ ಕೊಟ್ಟರೂ ಮರಳಿ ತರಲಾಗದು. ಅಂಥ ಗಾಡಿಗೆ ಬೇಕಾದುದು ಜೀರ್ಣೋದ್ಧಾರವಲ್ಲ, ರಕ್ಷಣೆ: ತುಕ್ಕು ಹರಡದಂತೆ ನೋಡಿಕೊಳ್ಳುವುದು, ಮಳೆಬಿಸಿಲುಗಳಿಂದ ಮರೆಮಾಡುವುದು, ಇಲಿಹೆಗ್ಗಣಗಳನ್ನು ದೂರವಿಡುವುದು.

ನಮ್ಮ ಸರ್ಕಾರವೂ ಮೂಲರೂಪಕ್ಕೆ ಬೆಲೆಯನ್ನು ಕೊಟ್ಟಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷಗಳು ಕಳೆದ, ಚಾಸಿಸು, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದೆ ಮೂಲರೂಪದಲ್ಲಿಯೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರಗಳ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯುಂಟು. ಇವುಗಳನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ ಮೊದಲಾದ ಸಂದರ್ಭಗಳಲ್ಲಿ ಮಾತ್ರ ರಸ್ತೆಗೆ ತರಬಹುದು.

ಫೋರ್ಡನ ಗಾಡಿ ಎಲ್ಲರ ಮನೆಯಲ್ಲಿಯೂ ಇರದು. ಆದರೆ ತಾತನ ಕಾಲದ ಬೇರೊಂದು ಮೋಟಾರೋ ಮೋಟಾರು ಸೈಕಲ್ಲೋ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವ ಮನೆಗಳುಂಟು. ಅಂಥವರಿಗೆ ನಮ್ಮ ವಿಜ್ಞಾಪನೆಯೇನೆಂದರೆ, ಬಣ್ಣದವನನ್ನು ಕರೆಯುವ ಮೊದಲು ಗಾಡಿಯ ಚಿತ್ರಗಳನ್ನು ಎಲ್ಲ ಮಗ್ಗುಲುಗಳಿಂದಲೂ ತೆಗೆಸಿಡಿರಿ. ಎಂಜಿನಿನ ಸಂಖ್ಯೆಯನ್ನು ಬರೆದುಕೊಳ್ಳಿರಿ. ಹಳೆಯ ರಸೀತಿ, ತೆರಿಗೆಯ ಚೀಟಿ, ಕೈಪಿಡಿಗಳನ್ನು ರದ್ದಿಗೆ ಹಾಕಬೇಡಿರಿ. ಕಳಚಿದ ಪ್ರತಿಯೊಂದು ತುಣುಕನ್ನೂ ಚೀಲದಲ್ಲಿ ಕಟ್ಟಿ, ಅದು ಎಲ್ಲಿಯದೆಂದು ಚೀಟಿಯನ್ನು ಅಂಟಿಸಿರಿ. ಮನೆಯ ಹಿರಿಯರಲ್ಲಿ ಆ ಗಾಡಿಯನ್ನು ನಡೆಸಿದವರಿದ್ದರೆ, ಅವರು ಇರುವಾಗಲೇ ಕೇಳಿ ಬರೆದಿಡಿರಿ. ಇಷ್ಟಕ್ಕೆ ಹಣದ ಖರ್ಚು ಅತ್ಯಲ್ಪ. ಮುಂದೆ ಮನೆಯಲ್ಲಿ ಯಾರಿಗಾದರೂ ಅದನ್ನು ಎತ್ತಿ ನಿಲ್ಲಿಸುವ ಮನಸ್ಸೂ ಅನುಕೂಲವೂ ಒದಗಿದಾಗ, ಕೆಲಸಕ್ಕೆ ಬೇಕಾದ ಸಾಕ್ಷ್ಯವೆಲ್ಲವೂ ಅವರ ಕೈಗೆ ಸಿದ್ಧವಾಗಿ ದೊರೆಯುವುದು.