ಇಪ್ಪತ್ತೂವರೆ ನಂಬರಿನ ಲೆನ್ಸು

ಕಡಲೇಕಾಯಿ ಬೀಜ ಆರಿಸಲು ಕೂತಾಗಲೇ ಈ ಸೀಮೆಯ ಹೆಂಗಸರಿಗೆ ಕಣ್ಣು ಮಂಜಾದದ್ದು ಗೊತ್ತಾಗುವುದು. ಜೊಳ್ಳು ಯಾವುದು, ಗಟ್ಟಿ ಯಾವುದು ಕಾಣದು. ಬೆರಳು ಹೇಳಿದ್ದನ್ನೇ ನಂಬಬೇಕು. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಹೀಗೆ ಪೊರೆ ಬಂದವರು ಮೊಮ್ಮಗನ ಕೈಹಿಡಿದು ಕಣ್ಣಿನ ಕ್ಯಾಂಪಿಗೆ ಬರುತ್ತಾರೆ. ಪಾವಗಡದಲ್ಲಂತೂ ಶ್ರೀರಾಮಕೃಷ್ಣ ಸೇವಾಶ್ರಮದ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆಯೇ ಇದೆ.

ಆಪರೇಶನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಕ್ಕೆ ಮುಂಚಿನ ಅಳತೆಯ ಕೋಣೆಯನ್ನು ಯಾರೂ ನೆನೆಯುವುದಿಲ್ಲ. ಅಲ್ಲಿ ಅಜ್ಜಿಯೊಬ್ಬರು ಸೆರಗು ಬಿಗಿಮಾಡಿಕೊಂಡು, ಗಲ್ಲ ಎತ್ತಿ ಕೂತಿದ್ದಾರೆ. ಮರಗಟ್ಟುವ ಹನಿ ಬಿಟ್ಟಾಗಿದೆ. ಟೆಕ್ನಿಶಿಯನ್ ಹುಡುಗಿ ಪೆನ್ನಿನಷ್ಟು ದಪ್ಪದ ಸಲಕರಣೆಯ ತುದಿಯನ್ನು ಕಣ್ಣಿಗೆ ತಾಗಿಯೂ ತಾಗದಂತೆ ಹಿಡಿಯುತ್ತಾಳೆ.

"ಕೆಂಪು ದೀಪ ನೋಡಿ ಅಜ್ಜಿ, ಅಲ್ಲಾಡ್ಬೇಡಿ."

"ನೋಡ್ತಾ ಇವ್ನಿ ಕಣವ್ವಾ. ದೀಪ ಎಲ್ಲೈತೆ?"

ಮಷೀನು ಕೀಂ ಎನ್ನುತ್ತದೆ. ಶಬ್ದದಲೆ ಕಣ್ಣಿನ ಹಿಂಗೋಡೆಯವರೆಗೆ ಹೋಗಿ ಬಂದ ಸಮಯದಿಂದ ಕಣ್ಣಿನ ಉದ್ದ ಸಿಕ್ಕಿತು: 23.1 ಮಿಲಿಮೀಟರ್. ಹುಡುಗಿಗೆ ಸಮಾಧಾನವಿಲ್ಲ, ಮತ್ತೆ ಮತ್ತೆ ಅಳೆಯುತ್ತಾಳೆ. ತುದಿ ಚೂರು ಒತ್ತಿದರೂ ಕಣ್ಣು ಗಿಡ್ಡವೆಂದು ಮಷೀನು ಸುಳ್ಳು ಹೇಳುತ್ತದೆ; ಒಂದೇ ಒಂದು ಮಿಲಿಮೀಟರ್ ತಪ್ಪಿದರೆ, ಪೊರೆ ತೆಗೆದ ಜಾಗಕ್ಕೆ ಕೂರಿಸುವ ಲೆನ್ಸು ಎರಡೂವರೆ ನಂಬರು ಆಚೀಚೆ.

ಲೆಕ್ಕ ದೊಡ್ಡದೇನಲ್ಲ. ಎಸ್‌ಆರ್‌ಕೆ ಎಂಬ ಹಳೆಯ ಸೂತ್ರವನ್ನು ಹೈಸ್ಕೂಲು ಹುಡುಗರೂ ಬಿಡಿಸಿಯಾರು. ಲೆನ್ಸಿನ ಮಾದರಿಗೆಂದು ಡಬ್ಬಿಯ ಮೇಲೆ ಕೊಟ್ಟ ಅಂಕಿ 118.4 ಎನ್ನೋಣ. ಅದರಲ್ಲಿ ಕಣ್ಣಿನ ಉದ್ದದ ಎರಡೂವರೆ ಪಟ್ಟು ಕಳೆಯಿರಿ, ಕಾರ್ನಿಯಾದ ಬಾಗು 44.5 ಇದ್ದರೆ ಅದರ 0.9 ಪಟ್ಟನ್ನೂ ಕಳೆಯಿರಿ. ಉಳಿಯುವುದು 20.6. ಲೆನ್ಸು ಬರುವುದು ಅರ್ಧರ್ಧ ನಂಬರಿನ ಅಂತರದಲ್ಲಿ, ಹಾಗಾಗಿ ಅಜ್ಜಿಗೆ ಇಪ್ಪತ್ತೂವರೆ. ಈಗ ಹೊಸ ಸೂತ್ರಗಳಿವೆ, ಕಂಪ್ಯೂಟರೇ ಹೇಳಿಬಿಡುತ್ತದೆ.

ಆದರೆ ಡಬ್ಬಿಯ ಮೇಲೆ 20.5 ಎಂದು ಬರೆದವರನ್ನು ನಂಬುವುದು ಹೇಗೆ? ಲೆನ್ಸಿನ ಗಾಜುಭಾಗ ಸುಮಾರು 6 ಮಿಲಿಮೀಟರ್ ಅಗಲ. ಅಂಚಿನಲ್ಲಿ ಎರಡು ಎಳೆಕಾಲು. ಗಾಜೆಂದರೂ ಅದು ಪ್ಲಾಸ್ಟಿಕ್ಕೇ. ವಜ್ರದ ಮೊನೆಯ ಲೇತಿನಲ್ಲಿ ಕಡೆದ ಮೇಲೆ ಅದಕ್ಕೂ ಪರೀಕ್ಷೆ. ನೇರ ಬೆಳಕು ಹಾಯಿಸಿ ಎಲ್ಲಿ ಕೂಡುತ್ತದೆಂದು ನೋಡುತ್ತಾರೆ, ಸಣ್ಣ ಗೆರೆಗಳು ಎಷ್ಟು ಚೊಕ್ಕ ಮೂಡುತ್ತವೆಂದು ನೋಡುತ್ತಾರೆ. ತಮಾಷೆಯೆಂದರೆ, ಬರೀ ಗಾಳಿಯಲ್ಲಿ ಅಳೆದರೆ ಇದೇ ಲೆನ್ಸು ಅರವತ್ತು ದಾಟುತ್ತದೆ! ಅದರ ನಂಬರು ಕಣ್ಣಿನೊಳಗಿನ ನೀರಿನ ಲೆಕ್ಕದ್ದು. ಅಳತೆಯೂ ಆ ನೀರಿಗೆ, ಮೈಯ ಬಿಸಿಗೆ ಹೊಂದಬೇಕು. 15ರಿಂದ 25 ನಂಬರಿನವರೆಗೆ ಅಂತರರಾಷ್ಟ್ರೀಯ ಮಾನದಂಡ ಕ್ಷಮಿಸುವ ತಪ್ಪು ಬರೇ 0.4.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಮೊದಲು ಕೂರಿಸಿದ ಈ ಲೆನ್ಸು ಬಡವರ ಕಣ್ಣಿಗೆ ಬರಲು ದಶಕಗಳೇ ಬೇಕಾದವು. ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳ ಕಾಲಕ್ಕೆ ಪೊರೆ ತೆಗೆಸಿಕೊಂಡವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. 1992ರಲ್ಲಿ ಮಧುರೆಯಲ್ಲಿ ಆರೋಲ್ಯಾಬ್ ಕಾರ್ಖಾನೆ ಶುರುವಾಗಿ ಇಲ್ಲೇ ಲೆನ್ಸು ತಯಾರಾದ ಮೇಲೆ ಬೆಲೆ ಇಳಿಯಿತು.

ಆಪರೇಶನ್ ಆದ ಮೇಲೆ ಡಬ್ಬಿಯ ಸ್ಟಿಕ್ಕರನ್ನು ಅಜ್ಜಿಯ ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿರುವ ಸಂಖ್ಯೆ ಹಿಡಿದು ಹೊರಟರೆ ಲೆನ್ಸು ತಯಾರಾದ ಕಾರ್ಖಾನೆಯ ದಾಖಲೆಯನ್ನೇ ಮುಟ್ಟಬಹುದು.

"ಇದನ್ನ ಕಳ್ಕೋಬೇಡಿ ಅಜ್ಜಿ."

ಅಜ್ಜಿ ಕಾರ್ಡನ್ನು ಎಲೆಅಡಿಕೆ ಸಂಚಿಗೆ ತುರುಕುತ್ತಾ ಕೇಳಿದರು: "ಇನ್ನೊಂದು ಕಣ್ಗೂ ಇದೇ ನಂಬ್ರೇನವ್ವಾ?"

"ಇಲ್ಲ ಅಜ್ಜಿ, ಅದನ್ನ ಬೇರೆ ಅಳೀಬೇಕು."